ಏಳು ಮರ್ಫಿ, ಒಂದು ಬಾಯ್ಲರ್

ಮೊನ್ನೆ ಮಂಗಳವಾರ ರಾತ್ರಿ ಬಾಯ್ಲರ್ ಕೈಕೊಟ್ಟಿತು. ಇರೋದು ಐರ್ಲೆಂಡಿನ ಕಾರ್ಕ್‌ನಲ್ಲಿ, ಅದೂ ಈ ಚಳಿಯಲ್ಲಿ. ಎರಡು ದಿನ ಕೆಟಲ್‌ನಲ್ಲಿ ನೀರು ಕಾಯಿಸಿ, ಚೊಂಬಲ್ಲಿ ಬೆರೆಸಿ ಕೈಕಾಲು ಮುಖ ತೊಳೆದೆ. ಶುಕ್ರವಾರ ರೇಗಿಹೋಗಿ ಪ್ಲಂಬರ್ ಮರ್ಫಿಗೆ ಮೆಸೇಜ್ ಹಾಕಿದೆ: 'ಮೂರು ದಿನದಿಂದ ಸ್ನಾನವಿಲ್ಲ. ಇವತ್ತೇ ಮನೆಗೆ ಬನ್ನಿ.'

ಹೋಗಿದ್ದು ಮ್ಯಾನೇಜರ್ ಮರ್ಫಿಗೆ.

ಆ ಕಡೆ 'ಟೈಪಿಂಗ್' ಅಂತ ಬಂತು. ನಿಂತಿತು. ಮತ್ತೆ ಬಂತು. ಮತ್ತೆ ನಿಂತಿತು. ಪಾಪ, ಮನುಷ್ಯ ಏನಂತ ಉತ್ತರ ಕೊಟ್ಟಾನು? ಕೊನೆಗೆ ಬಂದ ಉತ್ತರ: 'ಸೋಮವಾರ ನೀವು ಮನೆಯಿಂದಲೇ ಕೆಲಸ ಮಾಡಬಹುದು.' 'ಬಾಯ್ಲರ್, ಬಾಯ್ಲರ್' ಅಂತ ಎರಡು ಸಲ ಬರೆದೆ. ಒಂದು ಹೆಬ್ಬೆರಳು ಬಂತು, ಅಷ್ಟೇ.

ನನ್ನ ತಪ್ಪೇನ್ರೀ? ಈ ದೇಶದಲ್ಲಿ ಎಲ್ಲಕ್ಕಿಂತ ಜಾಸ್ತಿ ಇರೋ ಮನೆತನದ ಹೆಸರೇ ಮರ್ಫಿ. ನನ್ನ ಫೋನೊಂದರಲ್ಲೇ ಏಳು. ಟಿವಿ ಹಾಕಿದರೂ ಬಿಡಲ್ಲ. 2017ರಿಂದ 2020ರವರೆಗೆ ಇಲ್ಲಿನ ವಸತಿ ಸಚಿವರು ಓವನ್ ಮರ್ಫಿ. ಅಮೆರಿಕದ ಸುದ್ದಿಗೆ ತಿರುಗಿಸಿದರೆ ಸೆನೆಟರ್ ಕ್ರಿಸ್ ಮರ್ಫಿ. 2024ರಲ್ಲಿ ಆಸ್ಕರ್ ಗೆದ್ದ ಕಿಲಿಯನ್ ಮರ್ಫಿ ನಮ್ಮ ಕಾರ್ಕ್‌ನವರೇ. ಅವತ್ತು ನಮ್ಮ ಮನೆ ಓನರ್ ಮರ್ಫಿ ಪ್ರಶಸ್ತಿ ತಮ್ಮ ಷೋಕೇಸಿಗೇ ಬಂದ ಹಾಗೆ ಓಡಾಡಿದರು. ನಂಟಸ್ತಿಕೆ ಮಾತ್ರ ಎಳ್ಳಷ್ಟೂ ಇಲ್ಲ. ಹೆಸರಿನ ಮೂಲ ಅರ್ಥ 'ಕಡಲ ಯೋಧ' ಅಂತೆ. ಊರ ತುಂಬಾ ಕಡಲ ಯೋಧರು, ನನ್ನ ನಲ್ಲಿಯಲ್ಲಿ ಬಿಸಿನೀರಿಲ್ಲ.

ಎಡವಟ್ಟು ಆಗೋದಿದ್ದರೆ ಆಗೇ ತೀರುತ್ತೆ ಅನ್ನೋ ನಿಯಮಕ್ಕೂ ಎಡ್ವರ್ಡ್ ಮರ್ಫಿ ಅನ್ನೋ ಅಮೆರಿಕದ ಎಂಜಿನಿಯರ್ ಹೆಸರೇ. ಇನ್ಯಾರದ್ದು ಇಡ್ತಾರೆ!

ನಮ್ಮಜ್ಜನಿಗೆ ಮರ್ಫಿ ಅಂದ್ರೆ ಒಂದೇ, ನಡುಮನೆ ಗೂಡಿನಲ್ಲಿದ್ದ ರೇಡಿಯೋ. ವಾರ್ತೆ ಮುಗಿದ ಮೇಲೆ ಅದಕ್ಕೆ ಬಟ್ಟೆ ಹೊದಿಸಿ, ಬಚ್ಚಲಿಗೆ ಹೋಗೋರು. ಅಲ್ಲಿ ಹಂಡೆ ತುಂಬಾ ನೀರು ಹೊಗೆಯಾಡ್ತಿರೋದು. ಆ ಸೌದೆ ವಾಸನೆ ಈಗಲೂ ಮೂಗಲ್ಲಿದೆ.

ಊರಲ್ಲಿ ನಾಲ್ಕು ಜನ ಮಂಜ ಇದ್ದರೂ ಗೊಂದಲ ಇರಲಿಲ್ಲ: ಮಿಲ್ಲು ಮಂಜ, ಬಾವಿಕಟ್ಟೆ ಮಂಜ, ಹೀಗೆ. ಪಶ್ಚಿಮ ಕಾರ್ಕ್‌ನ ಹಳ್ಳಿಗಳಲ್ಲೂ ಒಂದೊಂದು ಮರ್ಫಿ ಮನೆಗೆ ಒಂದೊಂದು ಅಡ್ಡಹೆಸರು ಇದೆಯಂತೆ. ಸರಿ, ನಾನೂ ಕೂತು ಏಳು ನಂಬರಿಗೂ ಅಡ್ಡಹೆಸರು ಹಾಕಿದೆ. 'ಬಾಯ್ಲರ್ ಮರ್ಫಿ'ಗೆ ಎರಡು ಸಲ ಓದಿಕೊಂಡು ಮೆಸೇಜ್ ಕಳಿಸಿದೆ.

ತಕ್ಷಣ ಉತ್ತರ ಬಂತು: 'ನಾನು ರಜೆಯಲ್ಲಿದ್ದೇನೆ. ತಮ್ಮನ್ನ ಕಳಿಸ್ತೀನಿ, ಅವನ ನಂಬರ್ ಸೇವ್ ಮಾಡ್ಕೊಳ್ಳಿ.'