ಹಳೆಯ ಬೆಂಜ್ ಎಲ್ಲವೂ ಗಟ್ಟಿಯಲ್ಲ: ಒಂದು ಸ್ಪಷ್ಟನೆ

‘ಸೆಕೆಂಡ್ ಹ್ಯಾಂಡ್ ಬೆಂಜ್ ಕೊಳ್ಳುವುದಾದರೆ ಹಳೆಯದನ್ನೇ ಕೊಳ್ಳಿ, ಹೊಸದರಲ್ಲಿ ಬರೀ ಎಲೆಕ್ಟ್ರಾನಿಕ್ಸ್ ತಲೆನೋವು’ ಎಂಬ ಸಲಹೆ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಅರ್ಧಸತ್ಯ. ಬೆಂಜ್‌ನ ಇ-ಕ್ಲಾಸ್ ಕಾರಿನ ಒಂದೊಂದು ತಲೆಮಾರಿಗೂ ಕಂಪನಿಯ ಒಂದು ಸಂಕೇತ ಸಂಖ್ಯೆ ಇರುತ್ತದೆ. ಅವುಗಳಲ್ಲಿ ಹಳೆಯದಾದ ಡಬ್ಲ್ಯು124ರ ಎಂಜಿನ್ ಗಟ್ಟಿ, ಒಪ್ಪಿದೆ. ಆದರೆ 1990ರ ದಶಕದ ಮೊದಲರ್ಧದಲ್ಲಿ ತಯಾರಾದ ಅನೇಕ ಕಾರುಗಳಲ್ಲಿ ಎಂಜಿನ್ ವೈರಿಂಗ್‌ನ ಹೊದಿಕೆ ಕಾವಿಗೆ ಒಣಗಿ ಹಪ್ಪಳದಂತೆ ಪುಡಿಯಾಗುತ್ತದೆ. ಅದರ ನಂತರದ ಡಬ್ಲ್ಯು210 ತುಕ್ಕಿಗೆ ಕುಖ್ಯಾತ. ಮುಂಭಾಗದ ಸ್ಪ್ರಿಂಗ್ ಕೂರುವ ಜಾಗವೇ ಕಿತ್ತುಬರುವುದುಂಟು! 2002ರಲ್ಲಿ ಬಂದ ಮುಂದಿನ ತಲೆಮಾರು ಡಬ್ಲ್ಯು211ರ ಎಲೆಕ್ಟ್ರೋ-ಹೈಡ್ರಾಲಿಕ್ (ಎಲೆಕ್ಟ್ರಾನಿಕ್ಸ್ ನಿಯಂತ್ರಿಸುವ) ಬ್ರೇಕ್ ಕಾಟ ಕೊಟ್ಟದ್ದು ಹೌದು. 2006ರ ಪರಿಷ್ಕರಣೆಯಲ್ಲಿ ಕಂಪನಿ ಅದನ್ನು ಕೈಬಿಟ್ಟಿತು. ಹಾಗಾಗಿ ಈ ಮೂರರಲ್ಲಿ ನನ್ನ ಆಯ್ಕೆ ಎಲ್ಲಕ್ಕಿಂತ ಹೊಸದು, ಅಂದರೆ 2007ರ ನಂತರದ ಡಬ್ಲ್ಯು211. ಅದೂ ಸರ್ವಿಸ್ ದಾಖಲೆ ಪೂರ್ತಿ ಇದ್ದರೆ ಮಾತ್ರ.