ಸತ್ಯಾಂಶ: ಕಾರು ನಡುಗಿದ ಮಾತ್ರಕ್ಕೆ ಎಂಜಿನ್ ಕೆಟ್ಟಿದೆ ಎಂದಲ್ಲ

ಹಳೆಯ ಕಾರು ನಿಂತಲ್ಲೇ ನಡುಗಿದರೆ ಎಂಜಿನ್ ಬಿಚ್ಚಿ ಬೋರ್ ಮಾಡಿಸಲೇಬೇಕು (ಸವೆದ ಸಿಲಿಂಡರಿನ ಒಳಗೋಡೆಯನ್ನು ಕೊರೆಸಿ ಸರಿಪಡಿಸಬೇಕು) ಎಂಬ ವಾಟ್ಸ್‌ಆ್ಯಪ್ ಸಂದೇಶ ಸರಿಯಲ್ಲ. ಮಾರುತಿ 800ರಂತಹ ಮೂರು ಸಿಲಿಂಡರಿನ ಎಂಜಿನ್‌ಗೆ ತುಸು ಅದುರುವುದು ಹುಟ್ಟುಗುಣ. ಅದನ್ನು ಹೀರಿಕೊಳ್ಳಬೇಕಾದ, ಎಂಜಿನ್ ಅನ್ನು ಗಾಡಿಗೆ ಕೂರಿಸುವ ಮೌಂಟಿಂಗ್ ರಬ್ಬರ್ ವರ್ಷಗಳು ಕಳೆದಂತೆ ಗಟ್ಟಿಯಾಗಿ ಬಿರಿದಾಗ, ಎಂಜಿನ್ ಚೆನ್ನಾಗಿದ್ದರೂ ನಡುಕ ಸ್ಟೀರಿಂಗ್‌ವರೆಗೆ ತಲುಪುತ್ತದೆ. ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಇಲ್ಲದ ನಡುಕ ಗಂಟೆಗೆ 80 ಕಿ.ಮೀ. ಆಸುಪಾಸಿನ ವೇಗದಲ್ಲಷ್ಟೇ ಕಾಣಿಸಿದರೆ, ಮೊದಲು ನೋಡಬೇಕಾದದ್ದು ಚಕ್ರಗಳ ಬ್ಯಾಲೆನ್ಸಿಂಗ್. ನಿಂತಾಗಲೂ ಮಿಸ್ಸಿಂಗ್ (ಯಾವುದಾದರೂ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದೆ ಎಂಜಿನ್ ತಡವರಿಸುವುದು) ಇದ್ದರೆ ಸ್ಪಾರ್ಕ್ ಪ್ಲಗ್, ಅದರ ವೈರು, ಕಾರ್ಬ್ಯುರೇಟರ್, ಬಿರಿದ ವ್ಯಾಕ್ಯೂಮ್ ಪೈಪು ಇವುಗಳಿಂದ ಶುರುಮಾಡುವುದು ಜೇಬಿಗೂ ಹಿತ. ಕಂಪ್ರೆಷನ್ ಗೇಜ್ ಇಟ್ಟು ಪ್ರತಿ ಸಿಲಿಂಡರಿನ ಒತ್ತಡವನ್ನು ಅಳೆದು, ಕಡಿಮೆ ಬಂದ ಸಿಲಿಂಡರಿನೊಳಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಒತ್ತಡ ಏರಿದರೆ, ಪಿಸ್ಟನ್ ರಿಂಗು ಅಥವಾ ಬೋರು (ಸಿಲಿಂಡರಿನ ಒಳಗೋಡೆ) ಸವೆದಿದೆ ಎಂಬ ಅನುಮಾನಕ್ಕೆ ಆಗ ಆಧಾರ ಸಿಗುತ್ತದೆ.