ಗೆದ್ದವನ ಚಪ್ಪಲಿ

ಇಸ್ಪೀಟಿನಲ್ಲಿ ಸೋತವನು ಎದ್ದು ಹೊರಟರೆ ಯಾರೂ ಏನೂ ಕೇಳುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತು. ಬನಶಂಕರಿ ಎರಡನೇ ಹಂತದ ಗೆಳೆಯನ ಮನೆಯಿಂದ ನಾನು ಎಷ್ಟೋ ಶನಿವಾರ ಸೋತೇ ಹೊರಟಿದ್ದೇನೆ. "ಹೊರಟ್ಯಾ? ಹುಷಾರಾಗಿ ಹೋಗು ಕಣೋ" ಅಂತ ಎಲ್ಲರೂ ಗೇಟಿನವರೆಗೆ ಬರುತ್ತಾರೆ. ಅತ್ತಿಗೆ ಒಂದು ಕವರಿನಲ್ಲಿ ಕೋಡುಬಳೆ ಹಾಕಿಕೊಡುತ್ತಾರೆ. ಗೆಳೆಯನ ತಾಯಿ, ಎಂಬತ್ತರ ಹತ್ತಿರದ ಅಮ್ಮ, ದಿವಾನದ ಮೇಲಿಂದಲೇ "ಮಳೆ ಬರೋ ಹಾಗಿದೆ, ಬೇಗ ಹೋಗಪ್ಪ" ಅನ್ನುತ್ತಾರೆ. ಮುನ್ನೂರು ರೂಪಾಯಿಗೆ ಇಷ್ಟು ಮರ್ಯಾದೆ ಬೆಂಗಳೂರಿನಲ್ಲಿ ಬೇರೆಲ್ಲೂ ಸಿಗುವುದಿಲ್ಲ.

ಗೆದ್ದು ಹೊರಟರೆ ಏನಾಗುತ್ತೆ ಅನ್ನೋದು ಮಾತ್ರ ಗೊತ್ತಿರಲಿಲ್ಲ. ಗೆದ್ದೇ ಇರಲಿಲ್ಲವಲ್ಲ.

ನಾವು ಆರು ಜನ. ಮನೆ ಯಜಮಾನನಾದ ಗೆಳೆಯ, ಅವನ ಭಾವಮೈದ, ಒಬ್ಬ ಆಡಿಟರ್, ರಿಟೈರ್ ಆದ ಗಣಿತದ ಮೇಷ್ಟ್ರು, ಆನ್‌ಲೈನ್ ರಾಯ, ಮತ್ತು ನಾನು. ಮೊದಲು ರಮ್ಮಿ ಆಡುತ್ತಿದ್ದೆವು. ಆನ್‌ಲೈನ್ ರಾಯ ಆಗ ನಮ್ಮ ಜೊತೆ ಇರಲಿಲ್ಲ, ಅವನು ಫೋನಿನಲ್ಲೇ ಪೋಕರ್ ಆಡುತ್ತಿದ್ದ. 2025ರ ಆಗಸ್ಟ್‌ನಲ್ಲಿ ಕೇಂದ್ರದವರು ಕಾನೂನು ಮಾಡಿ ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸಿದರು ನೋಡಿ, ಆಮೇಲೆ ಅವನಿಗೆ ಮನುಷ್ಯರ ನೆನಪಾಯಿತು. ಒಂದು ಶನಿವಾರ ಬಂದು ಕೂತ. ಬಂದವನು ಸುಮ್ನೆ ಕೂರಲಿಲ್ಲ, "ರಮ್ಮಿ ಏನ್ರೀ, ಪೋಕರ್ ಆಡಿ" ಅಂದ. ಕೈಗೆ ಎರಡು ಎಲೆ. ಮಧ್ಯದಲ್ಲಿ ಐದು ಎಲೆ, ಅವು ಎಲ್ಲರಿಗೂ ಸೇರಿದ್ದು. ಮೊದಲು ಮೂರು ಒಟ್ಟಿಗೆ, ಆಮೇಲೆ ಒಂದು, ಆಮೇಲೆ ಇನ್ನೊಂದು ತೆರೆಯುತ್ತಾರೆ. ಏಳರಲ್ಲಿ ಯಾರ ಐದು ಚೆನ್ನಾಗಿದೆಯೋ ಅವರದು ದುಡ್ಡು. ಅಷ್ಟೇ ಅಂದ. ಅಷ್ಟೇ ಆಗಿದ್ದರೆ ನಾನು ಇಷ್ಟು ಶನಿವಾರ ಸೋಲುತ್ತಿರಲಿಲ್ಲ.

ಆಟಕ್ಕೆ ಚಿಪ್ಸ್ ಬೇಕು, ಅಂದರೆ ದುಡ್ಡಿನ ಬದಲು ಪಣಕ್ಕೆ ಇಡುವ ಬಿಲ್ಲೆ. ಚಿಪ್ಸ್ ಬೇಕು ಅಂತ ಗೆಳೆಯ ಅಡುಗೆಮನೆ ಕಡೆ ತಿರುಗಿ ಹೇಳಿದ. ಅತ್ತಿಗೆ ಹಾಟ್ ಚಿಪ್ಸ್ ಅಂಗಡಿಯ ಆಲೂಗಡ್ಡೆ ಚಿಪ್ಸ್ ತಟ್ಟೆಯಲ್ಲಿ ತಂದಿಟ್ಟರು. ಅವರ ತಪ್ಪೇನೂ ಇಲ್ಲ ಬಿಡಿ. ಕೊನೆಗೆ ಕಡಲೆಕಾಯಿ ಬೀಜ ಇಟ್ಟುಕೊಂಡು ಆಡೋಣ, ಒಂದು ಬೀಜಕ್ಕೆ ಹತ್ತು ರೂಪಾಯಿ ಅಂತ ತೀರ್ಮಾನವಾಯಿತು. ಬಸವನಗುಡಿ ಪರಿಷೆಯಿಂದ ತಂದ ಕಡಲೆಕಾಯಿ ಮನೆಯಲ್ಲಿ ಬೇಕಾದಷ್ಟಿತ್ತು. ತಲೆಗೆ ಮೂವತ್ತು ಬೀಜ. ಅರ್ಧ ಗಂಟೆಯ ಮೇಲೆ ಲೆಕ್ಕ ಹಾಕಿದರೆ ಏಳು ಬೀಜ ಕಮ್ಮಿ. ಎಲ್ಲರೂ ಎಲ್ಲರನ್ನೂ ನೋಡಿದೆವು. ಭಾವಮೈದನ ದವಡೆ ಅಲ್ಲಾಡುತ್ತಿತ್ತು. ಯೋಚನೆ ಮಾಡುವಾಗ ಏನಾದರೂ ಬಾಯಿಗೆ ಹಾಕಿಕೊಳ್ಳುವ ಅಭ್ಯಾಸವಂತೆ. ಎಪ್ಪತ್ತು ರೂಪಾಯಿ ಬಂಡವಾಳ ಅಗಿದು ನುಂಗಿದ್ದ. ಅವತ್ತಿನಿಂದ ಹುಣಸೆಬೀಜ. ಅದನ್ನು ತಿನ್ನೋಕೆ ಅವನಿಗೂ ಆಗುವುದಿಲ್ಲ.

ಆ ಶನಿವಾರಕ್ಕೆ ಬರುತ್ತೇನೆ.

ರಾತ್ರಿ ಒಂಬತ್ತೂವರೆ ಇರಬಹುದು. ನನಗೆ ಎರಡು ಎಕ್ಕ ಬಂತು. ಹೀಗೆ ಮೊದಲ ಎರಡೂ ಎಲೆ ಎಕ್ಕವೇ ಬರುವುದು 221 ಸಲಕ್ಕೆ ಒಂದು ಸಲ ಅಂತ ಮೇಷ್ಟ್ರು ಹಿಂದೊಮ್ಮೆ ಬೋರ್ಡಿನ ಮೇಲೆ ಬರೆಯುವಷ್ಟೇ ಶ್ರದ್ಧೆಯಿಂದ ಕ್ಯಾಲೆಂಡರಿನ ಹಿಂದೆ ಲೆಕ್ಕ ಮಾಡಿ ತೋರಿಸಿದ್ದರು. ಮಧ್ಯದಲ್ಲಿ ಮೂರು ಎಲೆ ಬಿತ್ತು. ಆಟೀನ್ ಎಕ್ಕ, ಕಳಾವರ್ ಒಂಬತ್ತು, ಡೈಮಂಡ್ ಒಂಬತ್ತು. ಮೂರು ಎಕ್ಕ, ಎರಡು ಒಂಬತ್ತು. ಇದಕ್ಕೆ ಫುಲ್ ಹೌಸ್ ಅನ್ನುತ್ತಾರೆ, ಸುಲಭಕ್ಕೆ ಸೋಲುವ ಎಲೆಯಲ್ಲ. ನಾನು ಅದನ್ನು ನೋಡಲೇ ಇಲ್ಲ. ಮೂರು ಎಕ್ಕ ಇದೆಯಲ್ಲ, ಒಳ್ಳೇದೋ ಕೆಟ್ಟದ್ದೋ, ಆಟದಲ್ಲಿ ಇರೋಣ ಅಂದುಕೊಂಡೆ. ಪೋಕರ್ ಫೇಸ್ ಅಂತಾರಲ್ಲ, ಮನಸ್ಸಿನಲ್ಲಿ ಇರುವುದನ್ನು ಮುಖದಲ್ಲಿ ತೋರಿಸದೇ ಇರುವುದು. ನನಗೆ ಅದು ತಾನಾಗೇ ಬರುತ್ತದೆ. ಮನಸ್ಸಿನಲ್ಲಿ ಏನೂ ಇರುವುದಿಲ್ಲ.

ನನ್ನ ಮುಖ ನೋಡಿ ಇವನ ಹತ್ತಿರ ಏನೂ ಇಲ್ಲ ಅಂತ ಭಾವಮೈದ ತನ್ನ ಬೀಜವೆಲ್ಲ ಮಧ್ಯಕ್ಕೆ ತಳ್ಳಿದ. ಆನ್‌ಲೈನ್ ರಾಯನೂ ತಳ್ಳಿದ. ಅವರು ತಳ್ಳಿದರಲ್ಲ, ನಾನೊಬ್ಬ ಯಾಕೆ ಹಿಂದೆ ಬೀಳಲಿ ಅಂತ ನಾನೂ ತಳ್ಳಿದೆ. ಎಲೆ ತೋರಿಸಿದಾಗ ಹಾಲ್ ತಣ್ಣಗಾಯಿತು. "ಇವನು ಮೊದಲಿಂದಲೂ ಆಟಗಾರ ಕಣ್ರೋ, ನಾಟಕ ಆಡ್ತಿದ್ದ" ಅಂದ ರಾಯ. ನನ್ನ ಜೀವನದಲ್ಲಿ ಯಾರೂ ನನ್ನನ್ನು ಇಷ್ಟು ದೊಡ್ಡ ಮನುಷ್ಯನನ್ನಾಗಿ ಮಾಡಿರಲಿಲ್ಲ.

ಎಣಿಸಿದರೆ 146 ಹುಣಸೆಬೀಜ. ಒಂದು ಸೇರಿಗೆ ಹಾಕಿ ಇಟ್ಟುಕೊಳ್ಳುವಷ್ಟು. ಸೋತ ಇಬ್ಬರೂ ಮತ್ತೆ ಮುನ್ನೂರು ಮುನ್ನೂರು ಹಾಕಿ ಬೀಜ ತಗೊಂಡರು.

ಆಗ ನನಗೆ ಹೊರಡಬೇಕು ಅನ್ನಿಸಿತು. ತುಂಬಾ ಜೋರಾಗಿ ಅನ್ನಿಸಿತು. ಸಭ್ಯತೆಯ ಯೋಚನೆ ಆಮೇಲೆ ಬಂದದ್ದು, ಮೊದಲು ಬಂದದ್ದು 1460 ರೂಪಾಯಿ.

ಸಭ್ಯತೆಯ ಲೆಕ್ಕ ಹೀಗಿದೆ. ಮೇಜಿನ ಮೇಲೆ ಒಟ್ಟು 240 ಬೀಜ. ನಾನು 146 ಎತ್ತಿಕೊಂಡು ಹೊರಟರೆ ಐದು ಜನಕ್ಕೆ ಉಳಿಯುವುದು 94. ಅದರಲ್ಲೂ ಅರುವತ್ತು ಆಗಷ್ಟೇ ಹಾಕಿದ್ದು. ಅವರು ಬೆಳಗಿನವರೆಗೆ ಒಬ್ಬರನ್ನೊಬ್ಬರು ಸೋಲಿಸಿಕೊಂಡರೂ ಕಳೆದುಕೊಂಡದ್ದು ವಾಪಸ್ ಬರಲ್ಲ, ಯಾಕೆಂದರೆ ಅದು ನನ್ನ ಜೇಬಿನಲ್ಲಿ ಮೆಟ್ರೋ ಹತ್ತಿರುತ್ತದೆ. ಕ್ಯಾಸಿನೊದಲ್ಲಿ ಈ ತೊಂದರೆ ಇಲ್ಲ. ಯಾವಾಗ ಬೇಕಾದರೂ ಎದ್ದು ಹೋಗಬಹುದು, ನಿಮ್ಮ ಕುರ್ಚಿಗೆ ಇನ್ನೊಬ್ಬ ಬರುತ್ತಾನೆ. ಫೋನಿನಲ್ಲಂತೂ ಒಂದು ಗುಂಡಿ ಒತ್ತಿದರೆ ಆಗುತ್ತಿತ್ತು. ಮನೆಯ ಆಟದಲ್ಲಿ ಅದೇ ಜನ, ಅದೇ ದುಡ್ಡು, ಮುಂದಿನ ಶನಿವಾರ ಅದೇ ಮುಖ ನೋಡಬೇಕು. ದೊಡ್ಡದೊಂದು ಗೆದ್ದ ತಕ್ಷಣ ಎದ್ದು ಓಡುವುದಕ್ಕೆ ಪೋಕರಿನವರು ಹಿಟ್ ಅಂಡ್ ರನ್ ಅನ್ನುತ್ತಾರೆ. ಔಟರ್ ರಿಂಗ್ ರೋಡಿನಲ್ಲಿ ಲಾರಿಗಳು ಮಾಡುವುದಕ್ಕೂ ನಾವು ಅದನ್ನೇ ಅನ್ನುವುದು.

ಇಷ್ಟೆಲ್ಲ ಗೊತ್ತಿದ್ದೂ ನಾನು ಆಕಳಿಸಿದೆ. ಯಾರೂ ಗಮನಿಸಲಿಲ್ಲ. ಇನ್ನೂ ಒಂದು ಸಲ ಆಕಳಿಸಿ ಕೈಗಡಿಯಾರ ನೋಡಿದೆ. "ಅಯ್ಯೋ, ಬೆಳಗ್ಗೆ ಐದಕ್ಕೆ ಕಾವೇರಿ ನೀರು ಬಿಡ್ತಾರೆ ಕಣ್ರೋ. ಸಂಪು ತುಂಬಿಸಬೇಕು. ಹೊರಡ್ತೀನಿ."

ಈ ನೆಪ ಬೆಂಗಳೂರಿನಲ್ಲಿ ಎಲ್ಲಾದರೂ ನಡೆಯುತ್ತದೆ. ಮದುವೆ ಮನೆಯಿಂದ ಹಿಡಿದು ಆಫೀಸಿನವರೆಗೆ, ನೀರು ಅಂದರೆ ಯಾರೂ ಎದುರು ಮಾತಾಡುವುದಿಲ್ಲ. ಆದರೆ ಮೇಷ್ಟ್ರ ಮನೆ ಮಲ್ಲೇಶ್ವರದಲ್ಲಿ ನಮ್ಮ ಮನೆಯ ಪಕ್ಕದ ಕ್ರಾಸು. ಎಲೆಯಿಂದ ಕಣ್ಣು ತೆಗೆಯದೆ ಅವರು ಹೇಳಿದರು, "ನಮ್ಮ ಕಡೆ ನೀರು ಇವತ್ತೇ ಬಂತಲ್ಲಪ್ಪ? ನಾಳೆ ಇಲ್ಲ."

"ನಾಳೆಯದ್ದು... ನಾಳಿದ್ದಿಗೆ..." ಅನ್ನುವಷ್ಟರಲ್ಲಿ ಮೇಜಿನ ಮೇಲಿದ್ದ ನನ್ನ ಫೋನ್ ಹೊಡೆದುಕೊಂಡಿತು. ಗಾಬರಿಯಲ್ಲಿ ಯಾವುದೋ ಗುಂಡಿ ಒತ್ತಿದೆ, ಸ್ಪೀಕರ್ ಆನ್ ಆಯಿತು. "ರೀ, ಊಟ ಅಲ್ಲೇ ಮುಗಿಸ್ಕೊಂಡು ನಿಧಾನಕ್ಕೆ ಬನ್ನಿ. ನಾನು ಮಲಗ್ತೀನಿ. ಬೀಗದ ಕೈ ನಿಮ್ಮ ಹತ್ರ ಇದೆ ಅಲ್ವಾ?" ಅಂದಳು ನನ್ನ ಹೆಂಡತಿ. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅವಳು ನಿಧಾನಕ್ಕೆ ಬನ್ನಿ ಅಂದದ್ದು ಅದೇ ಮೊದಲು.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಗೆಳೆಯ "ಹೂಂ" ಅಂದ. ನಮ್ಮಲ್ಲಿ ಹೂಂಗಳು ಬಹಳ. ಒಪ್ಪಿಗೆಗೆ ಒಂದು ಹೂಂ, ಕಥೆ ಕೇಳುವಾಗ ಒಂದು ಹೂಂ. ಇದು ಬೇರೆ. ಬಾಡಿಗೆದಾರ ಮನೆ ಖಾಲಿ ಮಾಡುವಾಗ ಗೋಡೆಯ ಮೊಳೆ ತೂತು ನೋಡಿ ಓನರ್ ಹೇಳುವ ಹೂಂ. ಆಡಿಟರ್ ಮಾತಿಲ್ಲದೆ ಬೂಸ್ಟ್ ಡಬ್ಬಿಯಿಂದ ನೋಟು ತೆಗೆದು, ಎಂಜಲು ಹಚ್ಚಿ, ಎರಡು ಸಲ ಎಣಿಸಿ, ನನ್ನ ಮುಂದೆ ಇಟ್ಟ. ಕೊಡಲಿಲ್ಲ, ಇಟ್ಟ. ಕೋಡುಬಳೆ ಬರಲಿಲ್ಲ. ಗೇಟಿನವರೆಗೆ ಯಾರೂ ಬರಲಿಲ್ಲ. ಬಾಗಿಲ ಹೊರಗೆ ಲೈಟ್ ಕೂಡ ಹಾಕಲಿಲ್ಲ. ಕತ್ತಲಲ್ಲಿ ಕಾಲಿಗೆ ಸಿಕ್ಕಿದ ಚಪ್ಪಲಿ ಮೆಟ್ಟಿಕೊಂಡು ಹೆಚ್ಚುಕಮ್ಮಿ ಓಡಿದೆ.

ಚಪ್ಪಲಿ ಸ್ವಲ್ಪ ಸಡಿಲ ಅನ್ನಿಸಿತು. ಗೆದ್ದವನು ಹಗುರಾಗುತ್ತಾನೇನೋ ಅಂದುಕೊಂಡೆ.

ಲಾಲ್‌ಬಾಗ್ ಸ್ಟೇಷನ್ ಹತ್ತಿರ ಬರುವಾಗ ಗೆಳೆಯನ ಫೋನ್. "ಲೋ, ಮೇಷ್ಟ್ರ ಚಪ್ಪಲಿ ಹಾಕ್ಕೊಂಡು ಹೋಗಿದ್ದೀಯಲ್ಲೋ! ಪಾಪ, ಅವರು ಹೊರಡಬೇಕು ಅಂತಿದ್ದಾರೆ. ಬರಿಗಾಲಲ್ಲಿ ಹೋಗ್ತಾರಾ?" ಕೆಳಗೆ ನೋಡಿದೆ. ಕಂದು ಬಣ್ಣದ ಹೊಸ ಚಪ್ಪಲಿ. ನನ್ನದು ಕಪ್ಪು, ಎಡಗಾಲಿನ ಪಟ್ಟಿಗೆ ಎರಡು ಸಲ ಹೊಲಿಗೆ ಬಿದ್ದಿದೆ. ದುಡ್ಡು ಹೊಡೆದುಕೊಂಡು ಹೋದದ್ದಲ್ಲದೆ ಹಿರಿಯರ ಚಪ್ಪಲಿಯನ್ನೂ ಹೊಡೆದುಕೊಂಡು ಹೋದ ಅನ್ನಿಸಿಕೊಳ್ಳಬೇಕಲ್ಲ ಅಂತ ಕಿವಿ ಬಿಸಿಯಾಯಿತು. ಇಳಿದು ಎದುರು ಕಡೆಯ ರೈಲು ಹತ್ತಿದೆ.

ಹತ್ತೂವರೆಗೆ ಮತ್ತೆ ಅದೇ ಬಾಗಿಲು. ಈ ಸಲ ಲೈಟ್ ಉರಿಯುತ್ತಿತ್ತು. ಒಳಗೆ ಹೋದರೆ ಮೇಷ್ಟ್ರೇ ಇಲ್ಲ.

"ಅವರು ಆಗಲೇ ಹೋದರು ಕಣೋ. ನಿನ್ನ ಚಪ್ಪಲಿ ಇತ್ತಲ್ಲ, ಅದನ್ನೇ ಹಾಕ್ಕೊಂಡು ಹೋದರು."

ಅಂದರೆ ನಾನು ಈ ಕಡೆ ಬರುವಾಗ ಮೇಷ್ಟ್ರು ನನ್ನ ಚಪ್ಪಲಿಯಲ್ಲಿ ಆ ಕಡೆಯ ರೈಲಿನಲ್ಲಿ ಹೋಗಿದ್ದಾರೆ. ಅವರ ಮನೆ ನಮ್ಮ ಪಕ್ಕದ ಕ್ರಾಸು. ಬೆಳಗ್ಗೆ ಹಾಲು ತರುವಾಗ ಬದಲಾಯಿಸಿಕೊಂಡಿದ್ದರೆ ಆಗುತ್ತಿತ್ತು. ಇದು ಫೋನ್ ಮಾಡಿದವನಿಗೆ ಗೊತ್ತಿರಲಿಲ್ಲವೇ? ಗೆಳೆಯನ ಮುಖ ನೋಡಿದೆ. ಅವನದೂ ಪೋಕರ್ ಫೇಸ್.

ದಿವಾನದ ಮೇಲಿಂದ ಅಮ್ಮ ಹೇಳಿದರು, "ಧರ್ಮರಾಯನನ್ನೂ ಹೀಗೇ ಅರ್ಧ ದಾರಿಯಿಂದ ವಾಪಸ್ ಕರೆಸಿದ್ದು." ನಿಜ. ಮೊದಲ ಸಲ ಸೋತದ್ದನ್ನೆಲ್ಲ ಧೃತರಾಷ್ಟ್ರ ತಿರುಗಿ ಕೊಟ್ಟು ಕಳಿಸಿದ್ದ. ಇಂದ್ರಪ್ರಸ್ಥದ ದಾರಿಯಲ್ಲಿ ಇದ್ದವನಿಗೆ ಇನ್ನೊಂದು ಆಟಕ್ಕೆ ಬಾ ಅಂತ ಕರೆ ಬಂತು. ಹೋದ. 12 ವರ್ಷ ವನವಾಸ, 1 ವರ್ಷ ಅಜ್ಞಾತವಾಸ.

"ಬಂದಿದ್ದೀಯ, ಒಂದು ಕೈ ಆಡಿ ಹೋಗು" ಅಂದರು. ಅತ್ತಿಗೆ ಚಿತ್ರಾನ್ನದ ತಟ್ಟೆ ಕೊಟ್ಟರು. ಚಿತ್ರಾನ್ನ ತಿಂದ ಮೇಲೆ ಇಲ್ಲ ಅನ್ನೋಕೆ ಆಗುತ್ತಾ? ಮುನ್ನೂರು ರೂಪಾಯಿ ತೆಗೆದು ಆಡಿಟರ್ ಮುಂದೆ ಇಟ್ಟೆ. ಆನ್‌ಲೈನ್ ರಾಯ ತಕ್ಷಣ ಕೈ ಅಡ್ಡ ಹಿಡಿದ. ಎದ್ದು ಹೋದವನು ಸ್ವಲ್ಪ ಹೊತ್ತಿಗೇ ವಾಪಸ್ ಬಂದು ಅದೇ ಮೇಜಿಗೆ ಕೂತರೆ, ಎತ್ತಿಕೊಂಡು ಹೋದಷ್ಟನ್ನೂ ಇಟ್ಟೇ ಕೂರಬೇಕಂತೆ. ಪೋಕರಿನ ನಿಯಮವಂತೆ. ಇದು ಅವನು ಹುಟ್ಟಿಸಿದ್ದು ಅಂತ ನನಗೆ ಪೂರ್ತಿ ನಂಬಿಕೆ ಇತ್ತು. ಆಮೇಲೆ ನೋಡಿದರೆ ನಿಜವಾಗಲೂ ಕಾರ್ಡ್ ರೂಮುಗಳಲ್ಲಿ ಹಾಗೆ ಇದೆ. ಗೆದ್ದದ್ದನ್ನು ಬಚ್ಚಿಟ್ಟು ಸಣ್ಣ ಗಂಟಿನಲ್ಲಿ ಮತ್ತೆ ಶುರುಮಾಡುವ ನನ್ನಂಥವರಿಗಾಗಿಯೇ ಮಾಡಿದ್ದು. 146 ಬೀಜ ಮತ್ತೆ ನನ್ನ ಮುಂದೆ ಬಂತು.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ, ನೆನಪಿಸಿಕೊಳ್ಳೋಕೂ ಇಷ್ಟವಿಲ್ಲ. ಈ ಸಲ ನನ್ನ ಮನಸ್ಸಿನಲ್ಲಿ ಇದ್ದದ್ದೆಲ್ಲ ಮುಖದಲ್ಲಿತ್ತು. ರಾಜ ಬಂದರೆ ಹುಬ್ಬು ಏರುತ್ತಿತ್ತು, ಎರಡೋ ಮೂರೋ ಬಂದರೆ ಮೂಗು ಇಳಿಯುತ್ತಿತ್ತು. ಹನ್ನೊಂದೂವರೆಗೆ ನೂರು ಬೀಜ. ಹನ್ನೆರಡೂವರೆಗೆ ಅರುವತ್ತು. ಬೀಜ ಕರಗಿದಷ್ಟೂ ಮನೆಯಲ್ಲಿ ಪ್ರೀತಿ ಜಾಸ್ತಿಯಾಗುತ್ತಾ ಬಂತು. ಭಾವಮೈದ ನೀರು ತಂದುಕೊಟ್ಟ. ಗೆಳೆಯ ಫ್ಯಾನ್ ನನ್ನ ಕಡೆ ತಿರುಗಿಸಿದ. ಆಡಿಟರ್ ನನ್ನ ಬಿ.ಪಿ. ವಿಚಾರಿಸಿದ.

ಒಂದೂವರೆಗೆ ಆಟ ಮುಗಿದಾಗ ನನ್ನ ಹತ್ತಿರ 31 ಬೀಜ. ಹಾಕಿದ್ದು ಮೂವತ್ತು. ಒಂದು ಬೀಜ ಲಾಭ.

ಇನ್ನು ಮೇಲೆ ಬಂದ ತಕ್ಷಣವೇ, ಎಲೆ ಮುಟ್ಟುವ ಮೊದಲೇ, ಎಷ್ಟು ಗಂಟೆಗೆ ಹೊರಡುತ್ತೀರಿ ಅಂತ ಪ್ರತಿಯೊಬ್ಬರೂ ಹೇಳಿಬಿಡಬೇಕು ಅಂತ ಆಡಿಟರ್ ಸೂಚಿಸಿದ. ಗೆಲುವೋ ಸೋಲೋ ಗೊತ್ತಿಲ್ಲದಾಗ ಹೇಳಿದ ಸಮಯಕ್ಕೆ ಯಾರೂ ಹೆಸರಿಡುವುದಿಲ್ಲ. ಮಧ್ಯದಲ್ಲಿ ಹೊರಡಬೇಕಾದರೆ ಇನ್ನು ಮೂರು ಸುತ್ತು ಅಂತ ಮೊದಲೇ ಹೇಳಿ, ಆ ಮೂರು ಸುತ್ತನ್ನೂ ಬೀಜ ಅಪ್ಪಿಕೊಂಡು ಕೂರದೆ ಆಡಬೇಕು. ಎಲ್ಲರೂ ಒಪ್ಪಿದರು. ನೀರಿನ ನೆಪ ಹೇಳಬಾರದು ಅಂತಲೂ ಸೇರಿಸಿದರು, ನನ್ನನ್ನು ನೋಡದೆ.

ಮೆಟ್ರೋ ಯಾವಾಗಲೋ ನಿಂತಿತ್ತು. ಮೇಷ್ಟ್ರ ಚಪ್ಪಲಿ ಮೆಟ್ಟಿಕೊಂಡು ಹೊರಬಂದರೆ, ಮೂವರು ಗಂಡಸರು ಗೇಟಿನವರೆಗೆ ಬಂದರು. ಆನ್‌ಲೈನ್ ರಾಯ ಹೆಗಲ ಮೇಲೆ ಕೈ ಹಾಕಿದ್ದ. ಅತ್ತಿಗೆ ಅಷ್ಟು ಹೊತ್ತಿನಲ್ಲೂ ಎದ್ದು ಬಂದು ಕೋಡುಬಳೆ ಕವರು ಕೊಟ್ಟರು. ಆಟೋ ಸಿಕ್ಕಿತು. ರಾತ್ರಿ ಹತ್ತರ ಮೇಲೆ ಮೀಟರಿನ ಒಂದೂವರೆ ಪಟ್ಟು. ಮಲ್ಲೇಶ್ವರಕ್ಕೆ ಸುಮಾರು 300 ಆಗುತ್ತದೆ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡು ಕೂತೆ.

ಗೇಟಿನ ಹತ್ತಿರ ಕೈ ಬೀಸುತ್ತಿದ್ದವರನ್ನು ಕನ್ನಡಿಯಲ್ಲಿ ನೋಡಿ ಡ್ರೈವರ್ ಕೇಳಿದ, "ಫಂಕ್ಷನ್ನಾ ಸಾರ್?"

"ಇಲ್ಲಪ್ಪ, ಸುಮ್ನೆ ಇಸ್ಪೀಟು."

"ಓಹೋ. ಗೆದ್ರಾ?"

"ಹತ್ತು ರೂಪಾಯಿ."

ಅವನು ಗೇರ್ ಹಾಕಿದ. "ಹಾಗಾದ್ರೆ ಮೀಟರ್ ಮೇಲೆ ಹತ್ತು ರೂಪಾಯಿ ಜಾಸ್ತಿ ಕೊಡಿ ಸಾರ್."